ಮಳೆಗಾಲ ಕಳೆದ ಮೇಲೆ ಔಟ್‌ಬೋರ್ಡ್ ಸ್ಟೇರಿಂಗ್ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಏನು ಮಾಡಲಿ?

ಶರಾವತಿ_ದೋಣಿ:
ಎಲ್ಲರಿಗೂ ನಮಸ್ಕಾರ. ಹೊನ್ನಾವರದಲ್ಲಿ ನನ್ನದೊಂದು ಫೈಬರ್ ದೋಣಿ ಇದೆ. ಪ್ರವಾಸಿಗರನ್ನು ಕಾಂಡ್ಲಾ ಕಾಡಿನ ಕಡೆ ಸುತ್ತಾಡಿಸಿಕೊಂಡು ಬರುತ್ತೇನೆ. ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಮುಂದೆ ಕೂತು ಚಕ್ರ ತಿರುಗಿಸುವ ಕೇಬಲ್ ಸ್ಟೇರಿಂಗ್. ಜೂನ್‌ನಲ್ಲಿ ದಡಕ್ಕೆ ಎಳೆದು ತಾಡಪಾಲು ಹೊದಿಸಿ ಇಟ್ಟವನು ಮೊನ್ನೆ ತೆಗೆದೆ. ಎರಡೂ ಕೈಯಲ್ಲಿ ಜಗ್ಗಿದರೆ ಎಡಕ್ಕೆ ಸ್ವಲ್ಪ ಬರುತ್ತದೆ, ಬಲಕ್ಕೆ ಅಲ್ಲಾಡುವುದೇ ಇಲ್ಲ. ಕಂಡ ಕಂಡಲ್ಲಿ ಡಬ್ಲ್ಯೂಡಿ-40 ಹೊಡೆದೆ, ಏನೂ ಆಗಲಿಲ್ಲ. ಒಬ್ಬರು ಎಲ್ಲ ಕಿತ್ತು ಎಣ್ಣೆ ಒತ್ತಡದಲ್ಲಿ ತಿರುಗುವ ಹೈಡ್ರಾಲಿಕ್ ಸ್ಟೇರಿಂಗ್ ಹಾಕಿಸು ಅಂತಾರೆ. ಅಷ್ಟು ದುಡ್ಡು ಈಗ ಕೈಯಲ್ಲಿಲ್ಲ. ಸೀಸನ್ ಬೇರೆ ಶುರುವಾಗುತ್ತಿದೆ.

ಗಂಗೊಳ್ಳಿ_ಮೆಕ್ಯಾನಿಕ್:
ಮೊದಲು ಚಕ್ರ ಜಗ್ಗುವುದು ನಿಲ್ಲಿಸಿ ಮಾರಾಯ್ರೆ, ಒಳಗಿನ ಗೇರ್ ಹಲ್ಲು ಮುರಿದರೆ ಅದೊಂದು ಬೇರೆ ಖರ್ಚು. ಹೈಡ್ರಾಲಿಕ್ ವಿಷಯ ಈಗ ಬೇಡ. ಎಂಜಿನ್ ಕಡೆಯೇ ಬಿಗಿ ಇದ್ದರೆ ಹೈಡ್ರಾಲಿಕ್ ಹಾಕಿದರೂ ಆ ತೊಂದರೆ ಅಲ್ಲೇ ಉಳಿಯುತ್ತದೆ, ನಿಮಗೆ ಗೊತ್ತಾಗುವುದಿಲ್ಲ ಅಷ್ಟೇ.

ಬಿಗಿ ಎಲ್ಲಿದೆ ಅಂತ ಹುಡುಕಿ. ಕೇಬಲ್ ತುದಿಯ ರಾಡ್‌ನಿಂದ ಎಂಜಿನ್‌ಗೆ ಹೋಗುವ ಲಿಂಕ್ ಪಟ್ಟಿ ಇದೆಯಲ್ಲ, ಅದರ ಬೋಲ್ಟ್ ಬಿಚ್ಚಿ ಎಂಜಿನ್ನನ್ನು ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ. ಸಲೀಸಾಗಿ ತಿರುಗಿದರೆ ಎಂಜಿನ್ ತಪ್ಪಿಲ್ಲ, ಕೇಬಲ್ ಅಥವಾ ಅದರ ರಾಡ್ ಹಾದುಹೋಗುವ ಅಡ್ಡ ಕೊಳವೆ, ಅಂದರೆ ಟಿಲ್ಟ್ ಟ್ಯೂಬ್, ಹಿಡಿದಿದೆ. ತಿರುಗದಿದ್ದರೆ ಎಂಜಿನ್ ಎಡಬಲಕ್ಕೆ ತಿರುಗುವ ಕೀಲಿನಲ್ಲಿ (ಸ್ವಿವೆಲ್) ಹಳೆ ಗ್ರೀಸ್ ಮೇಣದ ಹಾಗೆ ಒಣಗಿದೆ ಅಂತ ಲೆಕ್ಕ. ಆಗ ಅಲ್ಲಿ ಗ್ರೀಸ್ ತುಂಬಲಿಕ್ಕೆ ಇರುವ ಸಣ್ಣ ಬಾಯಿಗೆ (ನಿಪ್ಪಲ್) ಗ್ರೀಸ್ ಗನ್ ಹಿಡಿದು, ಎಂಜಿನ್ ಆಡಿಸುತ್ತಾ, ಕಪ್ಪು ಗ್ರೀಸ್ ಹೋಗಿ ಹೊಸದು ಹೊರಗೆ ಬರುವ ತನಕ ಪಂಪ್ ಮಾಡಿ. ನಿಪ್ಪಲ್ ಕಟ್ಟಿಕೊಂಡಿದ್ದರೆ ಹೊಸದು ಹಾಕಿ, ಅದು ದೊಡ್ಡ ಖರ್ಚಲ್ಲ.

ಶರಾವತಿ_ದೋಣಿ:
ಬಿಚ್ಚಿ ನೋಡಿದೆ ಅಣ್ಣ. ಎಂಜಿನ್ ಒಂದೇ ಕೈಯಲ್ಲಿ ತಿರುಗುತ್ತದೆ! ಹಾಗಾದರೆ ಕೇಬಲ್ಲೇ ಹೋಯಿತಾ?

ಗಂಗೊಳ್ಳಿ_ಮೆಕ್ಯಾನಿಕ್:
ಇನ್ನೂ ಹೇಳಲಿಕ್ಕಾಗುವುದಿಲ್ಲ. ಟ್ಯೂಬಿನ ತುದಿಯಲ್ಲಿ ಕೇಬಲ್ ಹಿಡಿದಿರುವ ದೊಡ್ಡ ನಟ್ ಇದೆ, ಅದನ್ನು ಬಿಚ್ಚಿ ರಾಡ್ ಪೂರ್ತಿ ಹೊರಗೆ ಎಳೆಯಿರಿ. ಬರದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಬೆಳಗ್ಗೆ ಮರದ ತುಂಡು ಅಡ್ಡ ಇಟ್ಟು ಮೆಲ್ಲ ಬಡಿಯಿರಿ. ಸುತ್ತಿಗೆ ನೇರ ರಾಡ್‌ಗೆ ಬೀಳಬಾರದು. ಬೆಂಕಿ ಹಿಡಿಯುವ ಕೆಲಸವಂತೂ ಬೇಡವೇ ಬೇಡ, ಕೇಬಲ್ ಒಳಗೆ ಪ್ಲಾಸ್ಟಿಕ್ ಇದೆ, ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್.

ರಾಡ್ ಹೊರಗೆ ಬಂದ ಮೇಲೆ ಚಕ್ರ ತಿರುಗಿಸಿ. ಹಗುರವಾಗಿ ತಿರುಗಿದರೆ ಕೇಬಲ್ ಚೆನ್ನಾಗಿದೆ, ಟ್ಯೂಬ್ ಮಾತ್ರ ಕೊಳೆಯಾಗಿದೆ. ಆಗಲೂ ಬಿಗಿ ಇದ್ದರೆ ಚಕ್ರದ ಕಡೆ ಅಥವಾ ಕೇಬಲ್ ಒಳಗೇ ತೊಂದರೆ. ಜಾಸ್ತಿ ಕೇಬಲ್ಲೇ. ನೀರು ಒಳಗೆ ಹೋಗಿ ತುಕ್ಕು ಹಿಡಿದ ಕೇಬಲ್‌ಗೆ ಎಣ್ಣೆ ಬಿಟ್ಟು ಓಡಿಸಬೇಡಿ, ಬದಲಿಸಿ.

ಕುಂದಾಪ್ರ_ನಾಡದೋಣಿ:
ನಮ್ಮದು ಕೈಹಿಡಿಕೆಯ ಎಂಜಿನ್, ಚಕ್ರ ಇಲ್ಲ. ಅಂಥದ್ದು ಇರುವವರು ಮೊದಲು ಸ್ಟೇರಿಂಗ್ ಬಿಗಿ ಮಾಡುವ ಸ್ಕ್ರೂ ಅಥವಾ ಲಿವರ್ ನೋಡಿ, ಯಾರೋ ಬಿಗಿ ಮಾಡಿ ಮರೆತಿರುತ್ತಾರೆ. ಜೂನ್ 1ರಿಂದ ಜುಲೈ 31ರ ತನಕ 10 ಎಚ್‌ಪಿಗಿಂತ ಜಾಸ್ತಿ ಎಂಜಿನ್ ಹಾಕಿ ಮೀನು ಹಿಡಿಯುವ ಹಾಗಿಲ್ಲ ಅಲ್ವಾ, ಆ ಎರಡು ತಿಂಗಳು ನಮ್ಮ ದೊಡ್ಡ ಎಂಜಿನ್ ಸುಮ್ನೆ ಕೂತಿರುತ್ತದೆ. ಆದರೂ ಹದಿನೈದು ದಿನಕ್ಕೊಮ್ಮೆ ಹೋಗಿ ಈ ತುದಿಯಿಂದ ಆ ತುದಿಗೆ ಆಡಿಸಿ ಬರುತ್ತೇನೆ. ಒಂದು ವರ್ಷ ಆ ಕೆಲಸ ಬಿಟ್ಟಿದ್ದೆ. ಅಳಿವೆ ದಾಟುವಾಗ ಎಂಜಿನ್ ಅರ್ಧಕ್ಕೆ ಹಿಡಿದುಕೊಂಡಿತು, ತೆರೆ ಪಕ್ಕದಿಂದ ಬಂದು ದೋಣಿ ಅರ್ಧ ನೀರಾಯಿತು. ನೀವು ಮಕ್ಕಳು ಮರಿ ಕೂರಿಸಿಕೊಂಡು ಹೋಗುವವರು. ಅರೆಬರೆ ರಿಪೇರಿ ಮಾಡಿ ಇಳಿಸಬೇಡಿ.

ಶರಾವತಿ_ದೋಣಿ:
ಎರಡು ರಾತ್ರಿ ಎಣ್ಣೆ ಬಿಟ್ಟ ಮೇಲೆ ರಾಡ್ ಬಂತು. ಒಂದು ಗೇಣು ಉದ್ದಕ್ಕೆ ತುಕ್ಕು ತಿಂದು ಗುಳಿ ಗುಳಿ, ಬೆರಳು ಸವರಿದರೆ ಚುಚ್ಚುತ್ತದೆ. ಹೊರಗೆ ಬಂದ ಮೇಲೂ ಚಕ್ರ ಹಗುರ ಆಗಲಿಲ್ಲ. ಕೇಬಲ್ ತೆಗೆದು ಚಕ್ರ ಒಂದನ್ನೇ ತಿರುಗಿಸಿದರೆ ಗಿರಗಿರ ಅಂತ ತಿರುಗಿತು. ಹೊಸ ಕೇಬಲ್ ತರುತ್ತೇನೆ. ಉದ್ದ ಹೇಗೆ ನೋಡುವುದು?

ಗಂಗೊಳ್ಳಿ_ಮೆಕ್ಯಾನಿಕ್:
ಸಾಮಾನ್ಯವಾಗಿ ಹಳೆ ಕೇಬಲ್ ಮೇಲೇ ಅಚ್ಚಾಗಿರುತ್ತದೆ, ಫೂಟ್ ಲೆಕ್ಕದಲ್ಲಿ. ಅಳಿಸಿದ್ದರೆ ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಹೊಸದು ಹಾಕುವ ಮೊದಲು ಟ್ಯೂಬ್ ಒಳಗೆ ಉದ್ದ ತಂತಿ ಬ್ರಷ್ ಆಡಿಸಿ, ಆಮೇಲೆ ಕೋಲಿಗೆ ಬಟ್ಟೆ ಸುತ್ತಿ, ಬಟ್ಟೆ ಬೆಳ್ಳಗೆ ಬರುವ ತನಕ ಒರೆಸಿ. ನೀರಿಗೆ ತೊಳೆದು ಹೋಗದ ಮರೈನ್ ಗ್ರೀಸೇ ಹಾಕಿ. ಮುಂದೆ ಟ್ಯೂಬಿನ ನಿಪ್ಪಲ್‌ನಿಂದ ಗ್ರೀಸ್ ತುಂಬುವಾಗ ರಾಡ್ ಪೂರ್ತಿ ಒಳಗೆ ಇರುವ ಹಾಗೆ ಚಕ್ರ ತಿರುಗಿಸಿಟ್ಟು ತುಂಬಿ. ಹೊರಗಿರುವಾಗ ತುಂಬಿದರೆ ಗ್ರೀಸ್ ಒಳಗೆ ಒತ್ತಿ ಸ್ಟೇರಿಂಗ್ ಲಾಕ್ ಆಗುತ್ತದೆ. ಲಿಂಕ್ ಪಟ್ಟಿಯ ಲಾಕ್ ನಟ್ ಹಳೆಯದನ್ನೇ ಹಾಕಬೇಡಿ, ಒಳಗಿನ ನೈಲಾನ್ ಸವೆದಿರುತ್ತದೆ.

ಶರಾವತಿ_ದೋಣಿ:
ಆಯ್ತು ಅಣ್ಣ, ಹೊಸ ಕೇಬಲ್ ಹಾಕಿದೆ. ಎರಡು ಬೆರಳಲ್ಲಿ ತಿರುಗುತ್ತದೆ ಈಗ. ನಾಳೆ ಖಾಲಿ ದೋಣಿಯಲ್ಲಿ ಎರಡು ಸುತ್ತು ಹೊಡೆದು, ನಟ್‌ಗಳನ್ನು ಇನ್ನೊಮ್ಮೆ ನೋಡಿ, ಆಮೇಲೇ ಜನರನ್ನು ಹತ್ತಿಸುತ್ತೇನೆ.