ಗಾಣದಂಗಡಿಗೆ ಯಾವ ಡೊಮೇನ್ ಹೆಸರು?

ಪ್ರಶ್ನೆ: ನಮಸ್ಕಾರ ಸರ್. ತುಮಕೂರಿನಲ್ಲಿ ನಮ್ಮದು ಮರದ ಗಾಣ. ಕೊಬ್ಬರಿ, ಕಡಲೆಕಾಯಿ, ಹುಚ್ಚೆಳ್ಳಿನ ಎಣ್ಣೆ ತೆಗೆಯುತ್ತೇವೆ. ಬೋರ್ಡಿನಲ್ಲಿ ‘ಶ್ರೀ ಗಂಗಾಪರಮೇಶ್ವರಿ ಆಯಿಲ್ ಮಿಲ್’ ಎಂದಿದ್ದರೂ ಜನ ಕರೆಯುವುದು ‘ಅರಳಿಕಟ್ಟೆ ಗಾಣ’ ಎಂದೇ. ವೆಬ್‌ಸೈಟ್ ಮಾಡಿಕೊಡುವ ಹುಡುಗ ‘ತುಮಕೂರು ಶುದ್ಧ ಗಾಣದ ಎಣ್ಣೆ’ ಎಂದು ಉದ್ದಕ್ಕೂ ಇಡೋಣ, ಗೂಗಲ್‌ನಲ್ಲಿ ಮೊದಲು ಬರುತ್ತದೆ ಎನ್ನುತ್ತಾನೆ. ಡಾಟ್ ಕಾಮ್ ಒಳ್ಳೆಯದೋ, ಡಾಟ್ ಇನ್ ಒಳ್ಳೆಯದೋ?

ಉತ್ತರ: ಡೊಮೇನ್ ಎಂದರೆ ವೆಬ್‌ಸೈಟಿನ ವಿಳಾಸ. ಅದಕ್ಕೆ ಉದ್ದದ ಹೆಸರು ಬೇಡ. ಅದರಿಂದ ಗೂಗಲ್‌ನಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ; ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ವಿಳಾಸ, ಸಮಯ, ಫೋಟೊ ಸರಿಯಾಗಿದ್ದರೆ ಅದೇ ಹೆಚ್ಚು ಗಿರಾಕಿ ತರುತ್ತದೆ.

ನಿಜವಾದ ತೊಡಕು ಕಾಗುಣಿತದ್ದು. ‘ಗಾಣ’ವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ: ಜಿ, ಎ, ಎನ್, ಎ. ಗಾನವೂ ಅದೇ, ಗಣವೂ ಅದೇ. ಡಬಲ್ ಎ ಹಾಕಿದರೆ ಹಾಡು ಕೇಳಿಸುವ ಆ್ಯಪ್‌ನ ಹೆಸರಾಗುತ್ತದೆ. ಊರಿನ ಹೆಸರೂ ಅಷ್ಟೇ. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಟುಮ್ಕೂರ್’ ಸರ್ಕಾರಿ ದಾಖಲೆಯಲ್ಲಿ ‘ತುಮಕೂರು’ ಆಯಿತು, ಆದರೆ ಹಳೆಯ ಕಾಗುಣಿತ ಇನ್ನೂ ಎಷ್ಟೋ ಜನರ ಬೆರಳಲ್ಲೇ ಇದೆ.

ನಿಮ್ಮ ಹೆಸರನ್ನು ಜನರೇ ಇಟ್ಟಿದ್ದಾರಲ್ಲ! ‘ಅರಳಿಕಟ್ಟೆ’ ಸಾಕು. ಐದು ಜನರಿಗೆ ಫೋನಿನಲ್ಲಿ ಒಮ್ಮೆ ಮಾತ್ರ ಹೇಳಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದು ವಾಟ್ಸ್‌ಆ್ಯಪ್ ಮಾಡಲು ಹೇಳಿ. ಹೆಚ್ಚು ಜನ ಬರೆದದ್ದೇ ನಿಮ್ಮ ಡೊಮೇನ್. ನಡುವೆ ಅಡ್ಡಗೆರೆ, ಅಂಕಿ ಬೇಡ.

ಗಿರಾಕಿಗಳು ಇಲ್ಲಿಯವರೇ ಆದ್ದರಿಂದ ಡಾಟ್ ಇನ್ ಧಾರಾಳವಾಗಿ ಸಾಕು. ಡಾಟ್ ಕಾಮ್ ಮಾಮೂಲಿ ಬೆಲೆಗೆ ಸಿಕ್ಕರೆ ಅದನ್ನೂ ಕೊಂಡು, ಅದನ್ನು ಒತ್ತಿದವರೂ ಡಾಟ್ ಇನ್‌ಗೇ ಬರುವಂತೆ ತಿರುಗಿಸಿ. ಅದು ಬೇರೆಯವರ ಕೈಯಲ್ಲಿದ್ದು ಸಾವಿರಗಟ್ಟಲೆ ಕೇಳಿದರೆ ಆ ಹಣಕ್ಕೆ ಕಡಲೆಕಾಯಿ ಕೊಳ್ಳಿ.

ಮರುಪ್ರಶ್ನೆ: ಕನ್ನಡ ಅಕ್ಷರದಲ್ಲೇ ‘ಡಾಟ್ ಭಾರತ’ ಸಿಗುತ್ತದಂತೆ, ಹೌದೇ ಸರ್? ಅಂದ ಹಾಗೆ, ಐದರಲ್ಲಿ ನಾಲ್ವರು ಡಬಲ್ ಟಿ ಹಾಕಿದರು. ನಮ್ಮ ಸೋದರಮಾವ ಮಾತ್ರ ಒಂದೇ ಟಿ.

ಉತ್ತರ: ಸಿಗುತ್ತದೆ. ಕಾಗುಣಿತದ ಜಗಳವೇ ಅಲ್ಲಿಲ್ಲ, ನನಗಂತೂ ಇಷ್ಟ. ಆದರೆ ಕೆಲವು ಕಡೆ ಅದು ‘ಎಕ್ಸ್ ಎನ್’ ಎಂದು ಶುರುವಾಗುವ ಅರ್ಥವಾಗದ ಅಕ್ಷರಮಾಲೆಯಾಗಿ ಕಾಣುತ್ತದೆ, ಇಮೇಲ್‌ಗೂ ಎಲ್ಲೆಡೆ ಒಗ್ಗುವುದಿಲ್ಲ. ಎರಡನೆಯ ಹೆಸರಾಗಿ ಇರಲಿ, ಎಣ್ಣೆ ಬಾಟಲಿಯ ಚೀಟಿಯ ಮೇಲೆ ಚೆನ್ನಾಗಿ ಕಾಣುತ್ತದೆ. ಸೋದರಮಾವನ ಒಂದು ಟಿ ಕೂಡ ಕೊಂಡುಬಿಡಿ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ಡೊಮೇನನ್ನು ಆ ಹುಡುಗನ ಇಮೇಲ್‌ನಲ್ಲಿ ನೋಂದಾಯಿಸಬೇಡಿ. ನನ್ನಲ್ಲಿಗೆ ಬಂದಿದ್ದ ಮುದ್ರಣಾಲಯದವರೊಬ್ಬರ ಕಥೆ ಹೀಗೆಯೇ ಆಯಿತು: ಮಾಡಿಕೊಟ್ಟವನು ದುಬೈಗೆ ಹೋದ, ನವೀಕರಣದ ನೆನಪೋಲೆ ಅವನ ಇಮೇಲ್‌ಗೇ ಹೋಗುತ್ತಿತ್ತು, ಒಂದು ಬೆಳಿಗ್ಗೆ ವೆಬ್‌ಸೈಟೇ ಇಲ್ಲ. ಹೊಲ ಉತ್ತವರು ಇವರು, ಪಹಣಿ ಅವನ ಹೆಸರಿನಲ್ಲಿ. ಖಾತೆ, ಇಮೇಲ್, ಮೊಬೈಲ್ ಸಂಖ್ಯೆ ಮೂರೂ ನಿಮ್ಮವೇ ಇರಲಿ. ಮೊದಲ ವರ್ಷದ ಅಗ್ಗದ ದರಕ್ಕೆ ಮರುಳಾಗದೆ ಎರಡನೆಯ ವರ್ಷದ ದರ ನೋಡಿ. ಡೊಮೇನ್ ಕ್ರಯಕ್ಕೆ ಸಿಗುವುದಲ್ಲ, ಗುತ್ತಿಗೆ. ಒಮ್ಮೆಗೆ ಹೆಚ್ಚೆಂದರೆ 10 ವರ್ಷ. ಮೂರು ವರ್ಷಕ್ಕೆ ಕಟ್ಟಿ, ಮುಗಿಯುವ ದಿನವನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ ಬರೆದಿಡಿ.