ಸಹಾಯ ಬೇಕು: ಕೆಲಾಯ್ಡ್ ಇರುವವರು ಮೈಕ್ರೋಬ್ಲೇಡಿಂಗ್ ಮಾಡಿಸಬಹುದಾ? (ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ನಾದಿನಿಯ ಮದುವೆ ಡಿಸೆಂಬರ್‌ನಲ್ಲಿ. ಹುಬ್ಬಿಗೆ ಮೈಕ್ರೋಬ್ಲೇಡಿಂಗ್, ರೆಪ್ಪೆಗೆ ಲ್ಯಾಶ್ ಲಿಫ್ಟ್ (ರೆಪ್ಪೆಗೂದಲನ್ನು ಮೇಲಕ್ಕೆ ಬಾಗಿಸುವುದು) ಎರಡೂ ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ. ಸ್ಟೇಷನ್ ಹತ್ತಿರದ ಪಾರ್ಲರ್‌ನಲ್ಲಿ ಆರೋಗ್ಯದ ಬಗ್ಗೆ ಒಂದು ಮಾತೂ ಕೇಳಲಿಲ್ಲ, ನೇರ ಅಡ್ವಾನ್ಸ್ ಕೇಳಿದರು.

ನನ್ನ ಚಿಂತೆ ಏನಂದ್ರೆ, ಅವಳಿಗೆ ಕಿವಿಯ ಮೇಲ್ಭಾಗ ಚುಚ್ಚಿಸಿದ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟು ಬೆಳೆದಿದೆ, ಡಾಕ್ಟರ್ ಅದನ್ನು ಕೆಲಾಯ್ಡ್ ಅಂದಿದ್ದರು, ಸಾಲದ್ದಕ್ಕೆ ಈಗ ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಬೇರೆ ನಡೆಯುತ್ತಿದೆ. ಮೈಕ್ರೋಬ್ಲೇಡಿಂಗ್ ಅಂದ್ರೆ ಚರ್ಮ ಗೀರಿ ಬಣ್ಣ ತುಂಬುವುದು, ಹಚ್ಚೆನೇ ಅಲ್ವಾ? ಕೆಲಾಯ್ಡ್ ಆಗುವ ಮೈಯವರಿಗೆ, ಗರ್ಭಿಣಿಯರಿಗೆ, ಹುಬ್ಬಿನ ಹತ್ತಿರ ಸೋರಿಯಾಸಿಸ್ ಅಥವಾ ಎಕ್ಸಿಮಾ ಇರುವವರಿಗೆ ಸಾಮಾನ್ಯವಾಗಿ ಬೇಡ ಎನ್ನುತ್ತಾರೆ. ಐಸೊಟ್ರೆಟಿನಾಯಿನ್ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಕಾಯಲು ಹೇಳುತ್ತಾರೆ. ಡಿಸೆಂಬರ್‌ಗೆ ಎಲ್ಲಿಂದ ಆಗುತ್ತೆ!

ಇದರ ನಡುವೆ ಅತ್ತೆ, "ನನಗೂ ಮಾಡಿಸು" ಅಂತಿದ್ದಾರೆ. ಅವರಿಗೆ ಶುಗರ್ ಹತೋಟಿಯಲ್ಲಿಲ್ಲ, ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೊಳ್ತಾರೆ. ಹುಬ್ಬಿಗಾಗಿ ಆ ಮಾತ್ರೆ ನಿಲ್ಲಿಸುವ ಮಾತೇ ಇಲ್ಲ, ಅದು ನಾನೇ ಹೇಳಿಬಿಟ್ಟೆ.

ಮುಲುಂಡ್‌ನಿಂದ ಕಲ್ಯಾಣ್‌ವರೆಗೆ ಕನ್ನಡ ಮಾತಾಡುವ ಒಳ್ಳೆಯ ಚರ್ಮದ ಡಾಕ್ಟರ್ ಯಾರಾದರೂ ಗೊತ್ತಾ? ಕನ್ನಡದಲ್ಲಿ ಹೇಳಿದರೆ ಅತ್ತೆ ಕೇಳ್ತಾರೆ, ನನ್ನ ಮಾತು ಸುಮ್ನೆ. ಕೆಲಾಯ್ಡ್ ಇದ್ದೂ ಮಾಡಿಸಿಕೊಂಡವರು ಇದ್ದರೆ ಆಮೇಲೆ ಏನಾಯಿತು ಅಂತ ಹೇಳಿ. ಲ್ಯಾಶ್ ಲಿಫ್ಟ್‌ಗೆ ಮುಂಚೆ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಸ್ವಲ್ಪ ಹಚ್ಚಿ ಅಲರ್ಜಿ ಆಗುತ್ತಾ ಅಂತ ನೋಡುವುದು) ಮಾಡಿ ಒಂದೆರಡು ದಿನ ಕಾಯುವ ಪಾರ್ಲರ್ ಇದ್ದರೆ ಅದನ್ನೂ ತಿಳಿಸಿ.