ಗಂಡನ ಹೊಡೆತದಲ್ಲಿ ಕರ್ನಾಟಕವೇ ಮುಂದೆ ಅನ್ನೋದು ನಿಜಾನಾ?

ವನಜಾ:
ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಲೆಕ್ಕ ನೋಡುತ್ತಿದ್ದೆ. ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹೊಡೆತ ಅಥವಾ ಲೈಂಗಿಕ ಹಿಂಸೆ ಕಂಡಿದ್ದಾರಂತೆ. 2015-16ರಲ್ಲಿ ಇದು 20.6 ಇತ್ತು. ಇಡೀ ದೇಶದ್ದು 29.3, ಆ ಸುತ್ತಿನಲ್ಲಿ ಎಲ್ಲ ರಾಜ್ಯಗಳಿಗಿಂತ ನಾವೇ ಮೇಲೆ. ನಾಲ್ಕೇ ವರ್ಷದಲ್ಲಿ ಎರಡು ಪಟ್ಟಾಯ್ತಾ, ಇಲ್ಲ ಹೆಂಗಸರು ಈಗ ಬಾಯಿ ಬಿಡುತ್ತಿದ್ದಾರಾ? ಲಾಕ್‌ಡೌನ್ ಕಾರಣ ಇರಬಹುದಾ? ನಮ್ಮ ಪಕ್ಕದ ಮನೆಯಲ್ಲಿ ರಾತ್ರಿ ಹತ್ತರ ಮೇಲೆ ಟಿವಿ ಸೌಂಡ್ ಇದ್ದಕ್ಕಿದ್ದಂತೆ ಜಾಸ್ತಿಯಾಗುತ್ತದೆ. ಯಾಕೆ ಅಂತ ಬೀದಿಗೆಲ್ಲ ಗೊತ್ತು.

ಸರ್ವೆ ಅಕ್ಕ:
ಲಾಕ್‌ಡೌನ್ ಅಲ್ಲ ವನಜಾ. ನಮ್ಮ ರಾಜ್ಯದ ಮನೆ ಭೇಟಿ 2019ರಲ್ಲೇ ಮುಗಿದಿತ್ತು. ನಾನು ಬೇರೊಂದು ಸರ್ವೆಯಲ್ಲಿ ಇದೇ ಥರದ ಪ್ರಶ್ನೆ ಕೇಳಿದವಳು. ‘ಹಿಂಸೆ ಆಗಿದೆಯಾ’ ಅಂದರೆ ಎಲ್ಲರೂ ಇಲ್ಲ ಅಂತಲೇ ಅನ್ನುತ್ತಾರೆ. ಕಪಾಳಕ್ಕೆ ಹೊಡೆದಿದ್ದಾರಾ, ಕೈ ತಿರುಚಿದ್ದಾರಾ, ಜುಟ್ಟು ಹಿಡಿದು ಎಳೆದಿದ್ದಾರಾ ಅಂತ ಒಂದೊಂದಾಗಿ ಕೇಳಬೇಕು, ಅದೂ ಹತ್ತಿರ ಯಾರೂ ಇಲ್ಲದಾಗ. ಒಂದು ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದರು, ಸೊಸೆ ಎಲ್ಲದಕ್ಕೂ ‘ಇಲ್ಲಕ್ಕ, ಇಲ್ಲಕ್ಕ’ ಅಂದಳು. ಅತ್ತೆ ಸಿಪ್ಪೆ ಎತ್ತಿಕೊಂಡು ಹಸುವಿನ ಹತ್ತಿರ ಹೋದದ್ದೇ ತಡ, ಮಾತಿಲ್ಲದೆ ತೋಳಿನ ಬಟ್ಟೆ ಸರಿಸಿ ತೋರಿಸಿದಳು. ನನ್ನ ಪ್ರಕಾರ ಆ ಹಳೆಯ 20.6 ಅನ್ನೋದೇ ಕಮ್ಮಿ ಲೆಕ್ಕ.

ಬಸವರಾಜ್:
ಕುಡಿತ ಮರೆಯಬೇಡಿ. ಅದೇ ಸಮೀಕ್ಷೆಯಲ್ಲಿ, ದೇಶದಾದ್ಯಂತ ಗಂಡ ಆಗಾಗ ಕುಡಿದು ತೂರಾಡುವ ಮನೆಗಳಲ್ಲಿ ಶೇ. 70 ಹೆಂಗಸರಿಗೆ ಹಿಂಸೆ ಆಗಿದೆ, ಕುಡಿಯದ ಗಂಡನ ಮನೆಗಳಲ್ಲಿ 23. ಆದರೆ ಆ 23 ಕೂಡ ಸಣ್ಣದಲ್ಲ, ಅಲ್ವಾ? ನಮ್ಮಪ್ಪ ಒಂದು ತೊಟ್ಟೂ ಕುಡಿದವರಲ್ಲ. ಅಮ್ಮ ಹೇಳದೆ ತವರಿಗೆ ಹೋಗಿದ್ದಕ್ಕೆ ಹೊಡೆದರು. ಅಜ್ಜಿ ‘ಅವಳದ್ದೇ ತಪ್ಪು’ ಅಂದರು. ಕರ್ನಾಟಕದ ಶೇ. 76.9 ಹೆಂಗಸರು, 81.9 ಗಂಡಸರು ಒಂದಲ್ಲ ಒಂದು ಕಾರಣಕ್ಕೆ ಹೆಂಡತಿಗೆ ಹೊಡೆದರೆ ಸರಿ ಅಂದಿದ್ದಾರೆ. ಅಡುಗೆ ಸರಿ ಮಾಡದಿದ್ದರೆ, ಎದುರು ಮಾತಾಡಿದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ. ಅಪ್ಪ ಹೊಡೆಯೋದು ನೋಡಿ ಬೆಳೆದ ಹುಡುಗಿಗೆ ಮುಂದೆ ಗಂಡನ ಮನೆಯಲ್ಲೂ ಅದೇ ಆಗುವ ಸಾಧ್ಯತೆ ಜಾಸ್ತಿ. ನನ್ನ ತಂಗಿಗೆ ಹಾಗೇ ಆಯ್ತು. ಅವಳು ಆರು ವರ್ಷ ನಮಗೆ ಹೇಳಲೇ ಇಲ್ಲ.

ವನಜಾ:
ಓದಿ ಹೊಟ್ಟೆ ಕಿವುಚಿತು ಅಣ್ಣ. ಪಕ್ಕದ ಮನೆಯವರ ವಿಷಯಕ್ಕೆ ನಾನೇನಾದರೂ ಮಾಡಬಹುದಾ?

ಸರ್ವೆ ಅಕ್ಕ:
ಮಾಡಬಹುದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು, ಒಳ್ಳೆ ಮನಸ್ಸಿನಿಂದ ಹೇಳಿದವರ ಮೇಲೆ ಕೇಸ್ ಬರೋದಿಲ್ಲ. ನಮ್ಮಲ್ಲಿ ತಾಲ್ಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವರೇ ರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181ಕ್ಕೂ ಫೋನ್ ಮಾಡಬಹುದು, ಆ ಕ್ಷಣಕ್ಕೇ ಅಪಾಯ ಅನ್ನಿಸಿದರೆ ತುರ್ತು ಸಹಾಯದ 112. ಆದರೆ ಮೊದಲು ಪಕ್ಕದ ಮನೆಯಾಕೆಯನ್ನೇ ಕೇಳು. ಗಂಡ ಕೆಲಸಕ್ಕೆ ಹೋದ ಮೇಲೆ ಸುಮ್ನೆ ಮೊಸರು ಹೆಪ್ಪಿಗೆ ಅಂತ ಹೋಗು. ಮನೆ ಗಂಡನ ಹೆಸರಲ್ಲಿದ್ದರೂ ಸುಮ್ಮಸುಮ್ಮನೆ ಹೊರಗೆ ಹಾಕೋಕೆ ಆಗಲ್ಲ ಅಂತ ಅವರಿಗೆ ಹೇಳು, ತುಂಬಾ ಜನರನ್ನು ಆ ಭಯವೇ ಕಟ್ಟಿಹಾಕಿರುತ್ತದೆ.

ವನಜಾ:
ನಾಳೆ ಹನ್ನೊಂದಕ್ಕೆ ಹೋಗುತ್ತೇನೆ.